ಎಲಿ ಡಬ್ಬಿಯಲ್ಲಿ ಮುದ್ದೇಬಿಹಾಳಕ್ಕೆ ಹೋದ ಏಡಿ ಅಂಗಿ

ತಾಂಬಾ ಬಸ್‌ಸ್ಟ್ಯಾಂಡಿನಲ್ಲಿ ಆ ದಿನ ನಸುಕಿಗೆ ನಮ್ಮನ್ನು ನೋಡಿದವರು, ಆಯಿ ಮೊಮ್ಮಗಳು ಬೀಗರೂರಿಗೆ ಹೊರಟಾರ ಅಂತಲೇ ತಿಳಿದಿರಬೇಕು. ನನ್ನ ಕೈಯಲ್ಲಿ ರೊಟ್ಟಿಯ ಬುತ್ತಿ, ಬಗಲ ಚೀಲದಲ್ಲಿ ಎಲಿ ಅಡಿಕೆಯ ಡಬ್ಬಿ. ಎಂಟನೇತ್ತೆ ಓದುವ ಮೊಮ್ಮಗಳು ಕಾವೇರಿಯ ಬೆನ್ನಿಗೆ ಪುಸ್ತಕದ ಚೀಲ, ಎದೆಗೆ ಅವುಚಿಕೊಂಡ ಮಣ್ಣಿನ ಗಡಿಗೆ. ಗಡಿಗೆಯ ಬಾಯಿಗೆ ನನ್ನ ಹಳೆ ಸೀರೆಯ ತುಂಡು ಕಟ್ಟಿತ್ತು. ಒಳಗೆ ಒಂದು ಏಡಿ ಕೂತಿತ್ತು. ನಾವು ಮೂವರೂ ಕೂಡಿ ಮುದ್ದೇಬಿಹಾಳಕ್ಕೆ ಹೊರಟಿದ್ದೆವು, ಜಿಲ್ಲೆಯ ವಿಜ್ಞಾನ ಪ್ರದರ್ಶನಕ್ಕೆ!

ಈ ಸಂಗತಿ ನಮ್ಮೂರಲ್ಲಿ ಕೇಳದವರಿಲ್ಲ. ಹಿಟ್ಟಿನ ಗಿರಣಿಯಲ್ಲಿ ಒಮ್ಮೆ, ಕಟ್ಟೆಯ ಮೇಲೆ ಒಮ್ಮೆ, ಹೇಳಿ ಹೇಳಿ ನನ್ನ ಗಂಟಲು ಬಿದ್ದಿದೆ. "ಬರದ ಇಡ ಆಯಿ, ಕೇಳಿದವರಿಗೆ ಓದಾಕ ಕೊಟ್ಟರಾತು" ಅಂದಳು ಕಾವೇರಿ. ನಾನು ಕಲಿತದ್ದು ಮೂರನೇತ್ತೆ. ಅಕ್ಷರ ಸೊಟ್ಟಗಿದ್ದರೂ ನಡೆದದ್ದು ನೆಟ್ಟಗೆ ಹೇಳುತ್ತೇನೆ.

ಕಾವೇರಿ ತೋರಿಸಬೇಕಾಗಿದ್ದ ವಿಷಯ ಚಿಪ್ಪಿನ ಪ್ರಾಣಿಗಳದ್ದು. ಅವು ಹೇಗೆ ಬೆಳೆಯುತ್ತವೆ, ಆಮೇಲೆ ಚಿಪ್ಪು ಏನಾಗುತ್ತದೆ ಎಂಬುದು. ಮಳೆಗಾಲದಿಂದ ನಮ್ಮ ಹೊಲದ ಬದು, ಹಳ್ಳದ ದಂಡೆ ಎಲ್ಲ ಅಡ್ಡಾಡಿ ಚಿಪ್ಪು ಕೂಡಿಸಿದ್ದಳು. ನಾನು ಇಷ್ಟು ವರ್ಷ ತಿಳಿದದ್ದು, ಬಸವನಹುಳ ದೊಡ್ಡದಾದ ಹಾಗೆ ಹಳೆ ಚಿಪ್ಪು ಬಿಟ್ಟು ಹೊಸದಕ್ಕೆ ಹೋಗುತ್ತದೆ ಎಂದು. ಹೊಲದಲ್ಲಿ ಖಾಲಿ ಚಿಪ್ಪು ಅಷ್ಟು ಬಿದ್ದಿರುತ್ತವಲ್ಲ! ಹಾಗಂದಾಗ ಹುಡುಗಿ ಬಿದ್ದು ಬಿದ್ದು ನಕ್ಕಳು.

"ಅವು ಬಿಟ್ಟು ಹೋದವರ ಮನಿ ಅಲ್ಲ ಆಯಿ, ಸತ್ತವರ ಮನಿ. ಬಸವನಹುಳ ಹುಟ್ಟಿದಾಗಿನ ಚಿಪ್ಪು ಸಾಯೂತನಕ ಬಿಡಂಗಿಲ್ಲ. ಬಾಯಿ ಕಡೆ ಅಂಚಿಗೆ ತಾನ ಸುಣ್ಣ ಮೆತ್ತಿ ಮೆತ್ತಿ ಮನಿ ಬೆಳಸ್ತೈತಿ. ಈ ಸುರುಳಿ ತುದಿ ನೋಡು, ಇದು ಅದು ಕೂಸಿದ್ದಾಗಿಂದು."

ಏಡಿಯದು ಮಾತ್ರ ಬೇರೆ ದಾರಿಯಂತೆ. ಅದರ ಚಿಪ್ಪು ಒಮ್ಮೆ ಗಟ್ಟಿಯಾದರೆ ಹಿಗ್ಗುವುದಿಲ್ಲ. ಮೈ ಬೆಳೆದು ಬಿಗಿಯಾದಾಗ ಬೆನ್ನ ಹಿಂದೆ ಬಿರುಕು ಬಿಟ್ಟುಕೊಂಡು, ಪೂರಾ ಅಂಗಿ ಕಳಚಿ ಹೊರಗೆ ಬರುತ್ತದೆ. ಮೆತ್ತಗೆ ಇರುವಾಗಲೇ ನೀರು ಕುಡಿದು ಹಿಗ್ಗಿ, ಹೊಸ ಅಂಗಿ ಗಟ್ಟಿ ಮಾಡಿಕೊಳ್ಳುತ್ತದೆ. ಇಂಡಿಯಲ್ಲಿ ತಾಲ್ಲೂಕಿನ ಪ್ರದರ್ಶನದಲ್ಲಿ ಕಾವೇರಿ ಇದನ್ನೇ ಚಿತ್ರ ಬರೆದು ಹೇಳಿ ಗೆದ್ದಳು. ಆದರೆ ಅಲ್ಲಿ ನೋಡಲು ಬಂದ ಸರ್ ಒಬ್ಬರು ಒಂದು ಮಾತು ಹಾಕಿದರು: "ಚಲೋ ಹೇಳಿದಿ ತಂಗಿ. ಆದರ ಏಡಿ ಕಳಚಿದ ಅಂಗಿ ಎಲ್ಲೈತಿ? ಮುದ್ದೇಬಿಹಾಳದಾಗ ಚಿತ್ರಕ್ಕ ಯಾರೂ ಮೊದಲನೇ ನಂಬರ ಕೊಡಂಗಿಲ್ಲ. ಖರೇದ್ದು ತೋರಸು."

ಅಂದಿನಿಂದ ಹುಡುಗಿಗೆ ಅದೇ ಚಿಂತೆ. ಹಳ್ಳದ ಕಲ್ಲೆಲ್ಲ ಮಗುಚಿ ನೋಡಿದಳು, ಒಂದು ಅಂಗಿಯೂ ಸಿಗಲಿಲ್ಲ. ಕೊನೆಗೆ ಒಂದು ಏಡಿಯನ್ನೇ ಹಿಡಿದು ತಂದು ಗಡಿಗೆಯಲ್ಲಿ ಸಾಕಿದಳು. ಒಂದು ಕೈ ದಪ್ಪ, ಒಂದು ಕೈ ಸಣ್ಣ. ಯಾರ ಕಡೆಯೂ ನೆಟ್ಟಗೆ ನೋಡದೆ ಅಡ್ಡಡ್ಡ ನಡೆಯುವ ಗತ್ತು. ಅದಕ್ಕೇ ಸಾವ್ಕಾರ ಎಂದು ಹೆಸರಿಟ್ಟಳು. ಹೊರಡುವ ವಾರದಲ್ಲಿ ಸಾವ್ಕಾರ ಊಟ ಬಿಟ್ಟ. ನನಗೆ ಜಡ್ಡು ಅನಿಸಿತು. ಅವಳ ವಿಜ್ಞಾನದ ಶಿಕ್ಷಕಿ ಶಹನಾಜ್ ಅಕ್ಕೋರು ಮಾತ್ರ, "ಅಂಗಿ ಕಳಚೂ ಮುಂದ ಹಂಗ ಮಾಡ್ತಾವು. ಗಡಿಗಿ ಜೋಡಿನ ತಗೊಂಡು ಬರ್ರಿ, ಅದನ್ನ ಕೆಣಕಬ್ಯಾಡ್ರಿ" ಅಂದರು. ಅವರು ಹಲಗೆ, ಚಾರ್ಟು ತೆಗೆದುಕೊಂಡು ಮೊದಲೇ ಹೋದರು. ಮಗ ಸೊಸೆ ತೊಗರಿ ರಾಶಿಯಲ್ಲಿದ್ದರು. ಹೀಗಾಗಿ ಗಡಿಗೆಯ ಜವಾಬ್ದಾರಿ ನನ್ನ ಪಾಲಿಗೆ ಬಂತು.

ಇಂಡಿ ಕಡೆಯಿಂದ ಬಂದ ಬಸ್ಸಿನಲ್ಲಿ ನಿಂಬೆಹಣ್ಣಿನ ಚೀಲಗಳು ತುಂಬಿದ್ದವು, ಕಾಲಿಡಲು ಜಾಗವಿಲ್ಲ. ಆದರೆ ಏನು ಪರಿಮಳ! ಹೆಣ್ಣುಮಕ್ಕಳಿಗೆ ಈಗ ಟಿಕೇಟಿಗೆ ರೊಕ್ಕವಿಲ್ಲ, ಆಧಾರ ಕಾರ್ಡು ತೋರಿಸಿದರೆ ಸೊನ್ನೆಯ ಚೀಟಿ ಹರಿದು ಕೊಡುತ್ತಾರೆ. ಕಂಡಕ್ಟರ್ ನಮಗೆ ಎರಡು ಸೊನ್ನೆ ಕೊಟ್ಟು ಗಡಿಗೆಯ ಮೇಲೆ ಬೆರಳು ಬಡಿದ.

"ಇದರಾಗೇನೈತಿ ಆಯಿ, ಮಸರೇನು?"

"ಏಡಿ ಐತಿ ತಮ್ಮಾ."

"ಗಂಡೋ, ಹೆಣ್ಣೋ? ಹೆಣ್ಣಾದ್ರ ಪುಕ್ಕಟೆ. ಗಂಡಾದ್ರ ಟಿಕೇಟ ತಗೀಬೇಕಾಗ್ತೈತಿ."

ಬಸ್ಸೆಲ್ಲ ನಕ್ಕಿತು. ಕಾವೇರಿ ನಗಲಿಲ್ಲ. "ಗಂಡರೀ ಅಣ್ಣಾರ. ಹೊಟ್ಟಿ ಕೆಳಗಿನ ಮಡಿಕಿ ಸಣ್ಣದಿದ್ರ ಗಂಡು, ಅಗಲಿದ್ರ ಹೆಣ್ಣು" ಅಂದಳು. ಕಂಡಕ್ಟರ್ ಟಿಕೇಟಿಗೆ ಕೈ ಹಾಕಿದ. ನಿಂಬೆ ಚೀಲದ ಮೇಲೆ ಕೂತ ರೈತ, "ಬಿಡೋ ಮಾರಾಯ, ಅದರ ಆಧಾರ ಕಾರ್ಡ ಕೇಳಿಗೀಳಿ!" ಎಂದು ಅವನನ್ನು ಮುಂದೆ ಕಳಿಸಿದ. ಎಲ್ಲಿಗೆ, ಯಾಕೆ ಎಂದು ವಿಚಾರಿಸಿ, ಕಾವೇರಿಯ ಕೈಗೆ ಎರಡು ನಿಂಬೆಹಣ್ಣು ಇಟ್ಟ. "ಇಂಡಿ ನಿಂಬಿ ತಂಗಿ, ಗೆದ್ದು ಬಾ."

ಸಿಂದಗಿಯಲ್ಲಿ ಬಸ್ಸು ಬದಲಿಸಿದೆವು. ಸ್ಟ್ಯಾಂಡಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡೆವು. ಚಳಿಗೆ ಮೊಸರೂ ಸಿಹಿಯಾಗಿತ್ತು. ಅಲ್ಲಿಂದ ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿ ಸೇರಿದಾಗ ಹೊತ್ತು ಇಳಿಮುಖವಾಗಿತ್ತು. ದಾರಿಯುದ್ದಕ್ಕೂ ಕಪ್ಪು ನೆಲದಲ್ಲಿ ಜೋಳ ಮೊಳಕಾಲು ಮಟ ನಿಂತಿತ್ತು, ಕಡಲೆ ಹಸಿರಾಗಿತ್ತು. ಬಾಗೇವಾಡಿಯಲ್ಲಿ ಮಿರ್ಚಿ ಭಜಿ, ಚುರುಮುರಿ ಸುಸಲಾ ತಿಂದು, ಟಂಟಂ ಗಾಡಿ ಹತ್ತಿ ಇಂಗಳೇಶ್ವರಕ್ಕೆ ಹೋದೆವು. ಅಲ್ಲಿ ನನ್ನ ತಂಗಿ ಗಂಗವ್ವನ ಮನೆ. ಟಂಟಂ ಕುಣಿದ ಕುಣಿತಕ್ಕೆ ನನ್ನ ಎಲುಬೆಲ್ಲ ಸಡಿಲಾದವು, ಆದರೆ ಕಾವೇರಿ ಗಡಿಗೆಯನ್ನು ತೊಡೆಯ ಮೇಲಿಂದ ಕೆಳಗಿಳಿಸಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಾವೇರಿ ಜಳಕಕ್ಕೆ ಹೋಗಿದ್ದಳು. ಸಾವ್ಕಾರನಿಗೆ ಒಂದಿಷ್ಟು ಹೊಸ ನೀರು ಚಿಮುಕಿಸೋಣವೆಂದು ನಾನು ಗಡಿಗೆಯ ಬಟ್ಟೆ ಬಿಚ್ಚಿದೆ. ಒಳಗೆ ಇಣುಕಿದೆ. ಉಸುಕಿನ ಮೇಲೆ ಸಾವ್ಕಾರ ಅಲುಗದೆ ಬಿದ್ದಿದ್ದ. ಕಡ್ಡಿಯಿಂದ ಮುಟ್ಟಿದೆ, ಅಲುಗಲಿಲ್ಲ. ಕೈಯಿಂದ ಎತ್ತಿದೆ, ಅರಳಿನ ಹಾಗೆ ಹಗುರ. ಉಪವಾಸ ಬಿದ್ದು ಬಿದ್ದು ಒಣಗಿಹೋಗಿದ್ದಾನೆ ಅಂದುಕೊಂಡೆ. ಕಣ್ಣು ಇದ್ದವು, ಕಾಲು ಇದ್ದವು, ದಪ್ಪ ಕೈ ಸಣ್ಣ ಕೈ ಎರಡೂ ಇದ್ದವು, ಜೀವ ಒಂದೇ ಇರಲಿಲ್ಲ.

ನೀವು ಕೇಳಬಹುದು, ಅಂಗಿ ಕಳಚುತ್ತದೆ ಎಂದು ಹುಡುಗಿ ಅಷ್ಟು ಸಲ ಹೇಳಿದ್ದರೂ ನಿನಗೆ ತಿಳಿಯಲಿಲ್ಲವೇ ಎಂದು. ಅಂಗಿ ಅಂದರೆ ನಾನು ತಿಳಿದದ್ದು ಹಾವಿನ ಪೊರೆಯಂಥದು, ತೆಳ್ಳಗೆ, ಉಳ್ಳಾಗಡ್ಡಿ ಸಿಪ್ಪೆಯಂತೆ. ಉಗುರು, ಕಣ್ಣಿನ ಸಮೇತ ಇಡೀ ಏಡಿಯೇ ಬಿದ್ದಿರುತ್ತದೆ ಎಂದು ಯಾರಿಗೆ ಗೊತ್ತು!

ಗಂಗವ್ವ ಒಲೆಯ ಮುಂದಿನಿಂದ ಎದ್ದು ಬಂದು ಇಣುಕಿದಳು. "ಯಕ್ಕಾ, ಸಾವ್ಕಾರ ತೀರಿಕೊಂಡಾನ! ಚಲೋ ಕೆಲಸಕ್ಕ ಹೊಂಟೀರಿ, ಸತ್ತದ್ದು ಜೋಡಿ ಒಯ್ಯಬ್ಯಾಡ್ರಿ. ತಿಪ್ಪಿಗೆ ಒಗಿ."

"ತಿಪ್ಪಿಗ್ಯಾಕ ಒಗೀಲಿ? ಹುಡುಗಿ ಜೀವಾ ಇಟ್ಟಾಳ ಅದರ ಮ್ಯಾಲ."

"ಮತ್ತ ಆಕೀಗೆ ಹೇಳಾಕಿಯೇನು?"

ಹೇಳುವ ಧೈರ್ಯ ನನಗೆ ಆಗಲಿಲ್ಲ. ಹೇಳಿದರೆ ಅಳುತ್ತ ಹೋಗುತ್ತಾಳೆ, ಅಳುತ್ತ ಹೋದವಳು ಏನು ಮಾತಾಡುತ್ತಾಳೆ? ಬಸವನಹುಳ, ಸಿಂಪಿ ಇವೆಯಲ್ಲ, ಅವನ್ನಾದರೂ ಧೈರ್ಯವಾಗಿ ತೋರಿಸಲಿ. ದಾರಿಯಲ್ಲಿ ಕೃಷ್ಣೆಯ ನೀರಿನ ಕಾಲುವೆ ಬರುತ್ತದೆ, ಅದರಲ್ಲಿ ಸಾವ್ಕಾರನನ್ನು ಮರ್ಯಾದೆಯಿಂದ ಬಿಡೋಣ ಅಂದುಕೊಂಡೆ. ಎಲಿ ಡಬ್ಬಿಯಲ್ಲಿದ್ದ ಅಡಿಕೆ, ಸುಣ್ಣ ತೆಗೆದೆ. ಕೆಳಗೆ ಎರಡು ಹಸಿ ಎಲಿ ಹಾಸಿ, ಸಾವ್ಕಾರನನ್ನು ಮಲಗಿಸಿ, ಮೇಲೆ ಎರಡು ಎಲಿ ಹೊದಿಸಿ ಮುಚ್ಚಿದೆ. ಗಡಿಗೆಯ ಬಾಯಿ ಮೊದಲಿನಂತೆ ಕಟ್ಟಿದೆ. ಕಾವೇರಿ ಜಳಕ ಮಾಡಿ ಬಂದು, "ಹೆಂಗದಾನ ಆಯಿ?" ಅಂದಳು. "ಮಲಗ್ಯಾನ, ಎಬ್ಬಿಸಬ್ಯಾಡ" ಅಂದೆ. ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಬಾಗೇವಾಡಿಯಿಂದ ಮುದ್ದೇಬಿಹಾಳದ ಬಸ್ಸು ಹಿಡಿದೆವು. ಗೊಳಸಂಗಿಯಲ್ಲಿ ನನ್ನ ವಯಸ್ಸಿನ ಒಬ್ಬ ಮುದುಕಿ ಹತ್ತಿ ನನ್ನ ಮಗ್ಗಲಿಗೇ ಕೂತಳು. ಕೂತವಳೇ ಡಬ್ಬಿ ನೋಡಿದಳು.

"ಯಕ್ಕಾ, ಒಂದ ಎಲಿ ಕೊಡಬೇ. ನಂದು ಮನ್ಯಾಗ ಮರತ ಬಂದೇನಿ."

ಎಲಿ ಕೇಳಿದವರಿಗೆ ನಾನು ಹುಟ್ಟಿದಾಗಿನಿಂದ ಇಲ್ಲ ಎಂದವಳಲ್ಲ. ಜಗಳವಾಡಿದವಳಿಗೂ ಎಲಿ ಕೊಟ್ಟು ಆಮೇಲೆ ಜಗಳ ಮುಂದುವರಿಸಿದ್ದೇನೆ. ಈಗ ಡಬ್ಬಿ ತೆಗೆದರೆ ಕಾವೇರಿ ನೋಡುತ್ತಾಳೆ. "ಮುಗದಾವ ಯವ್ವಾ" ಅಂದೆ, ನೆಲ ನೋಡುತ್ತ.

"ಮುಗದ ಡಬ್ಬೀನ ಹಿಂಗ ಅವುಚಿಕೊಂಡೀಯಲ್ಲ, ಒಳಗ ಬಂಗಾರ ಇಟ್ಟೀಯೇನ?" ಎಂದು ಅವಳು ಮುಖ ಆ ಕಡೆ ತಿರುಗಿಸಿದಳು. ಕಾವೇರಿಯೂ ನನ್ನನ್ನೇ ನೋಡಿದಳು. "ಆಯಿ, ನೀ ಮುಂಜಾನಿಂದ ಒಂದ ಎಲೀನೂ ಹಾಕ್ಕೊಂಡಿಲ್ಲ. ಆರಾಮ ಅದಿಯಿಲ್ಲ?" ಆರಾಮ ಎಲ್ಲಿಂದ ಬರಬೇಕು! ಎಲಿ ಇಲ್ಲದೆ ನನ್ನ ದವಡೆ ಸುಮ್ಮನೇ ಆಡುತ್ತಿತ್ತು.

ಕಾಲುವೆ ಬಂತು. ನೀರು ತುಂಬಿ ಹರಿಯುತ್ತಿತ್ತು. ಹೊಳೆಯ ನೀರು ಕಂಡರೆ ನಮ್ಮ ಕಡೆ ಹೆಣ್ಣುಮಕ್ಕಳು ಕೈಮುಗಿದು ಒಂದು ರೂಪಾಯಿ ಒಗೆಯುತ್ತಾರೆ. ಎಲ್ಲರೂ ಒಗೆದರು. ನಾನೂ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಆದರೆ ಕಿಟಕಿಯ ಕಡೆ ಕೂತವಳು ಕಾವೇರಿ. ಅವಳು ಗಡಿಗೆಯನ್ನೇ ಕಿಟಕಿಗೆ ಎತ್ತಿ ಹಿಡಿದು, "ನೋಡೋ ಸಾವ್ಕಾರ, ಕೃಷ್ಣಾ ನೀರು. ಇವತ್ತ ನನ್ನ ಮಾನ ನಿನ್ನ ಕೈಯಾಗೈತಿ" ಅಂದಳು. ನನ್ನ ಕೈ ಡಬ್ಬಿಯ ಮೇಲೇ ಉಳಿಯಿತು. ಬಸ್ಸು ದಾಟಿಹೋಯಿತು.

ಮುದ್ದೇಬಿಹಾಳದಲ್ಲಿ ಸಾಲಿಯ ಬಯಲಿಗೆ ಪೆಂಡಾಲ್ ಹಾಕಿದ್ದರು. ಜಿಲ್ಲೆಯ ಎಲ್ಲ ಕಡೆಯ ಮಕ್ಕಳು, ಒಬ್ಬರ ಮೇಜಿನ ಮೇಲೆ ರಾಕೆಟ್ಟು, ಒಬ್ಬರ ಮೇಜಿನ ಮೇಲೆ ಉರಿ ಉಗುಳುವ ಗುಡ್ಡ. ಶಹನಾಜ್ ಅಕ್ಕೋರು ನಮ್ಮ ಮೇಜು ಸಿಂಗರಿಸಿ ಇಟ್ಟಿದ್ದರು. ಬರಣಿಯಲ್ಲಿ ಜೀವಂತ ಬಸವನಹುಳಗಳು. ಹಲಗೆಯ ಮೇಲೆ ಸಾಸಿವೆಯಷ್ಟರಿಂದ ಹಿಡಿದು ಅಡಿಕೆಯಷ್ಟರವರೆಗೆ ಸಾಲಾಗಿ ಅಂಟಿಸಿದ ಚಿಪ್ಪು. ಹೊಳೆಯ ಸಿಂಪಿ ಒಂದು. ನೋಡುವ ಅಧಿಕಾರಿಗಳಲ್ಲಿ ಒಬ್ಬ ಮೇಡಂ ಬಹಳ ಬಿರುಸು. ಅವರು ಬಂದು ನಿಂತರು ಅಂದರೆ ಮಕ್ಕಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಮೇಜಿಗೂ ಬಂದರು.

"ಏಡಿ ಚಿಪ್ಪು ಕಳಚುತ್ತದೆ ಎಂದು ಬರೆದಿದ್ದೀಯ. ತೋರಿಸು."

ಕಾವೇರಿ ಗಡಿಗೆಯ ಬಟ್ಟೆ ಬಿಚ್ಚಿದಳು. ನಾನು ಕಣ್ಣು ಮುಚ್ಚಿಕೊಂಡೆ. ಒಳಗೆ ಏನೂ ಇಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತಲ್ಲ. ಅವಳು ಉಸುಕು ಕೆದಕಿದ ಸಪ್ಪಳ ಕೇಳಿತು. ಏಡಿ ಅಡಗಿಕೊಳ್ಳಲೆಂದು ಒಳಗೆ ಒಂದು ಬದಿಗೆ ಒಡೆದ ಗಡಿಗೆಯ ಬೋಕಿ ಇಟ್ಟಿದ್ದಳು, ಅದನ್ನು ಎತ್ತಿದ ಸಪ್ಪಳವೂ ಕೇಳಿತು. ಆಮೇಲೆ ಚೀರಿದಳು ನೋಡ್ರಿ, ರಾಕೆಟ್ಟಿನ ಹುಡುಗರೂ ಓಡಿ ಬಂದರು.

"ಆಯೀ! ಅಂಗಿ ಕಳದಾನ! ಸಾವ್ಕಾರ ಅಂಗಿ ಕಳದಾನ!"

ಕಣ್ಣು ತೆರೆದು ಇಣುಕಿದೆ. ಬೋಕಿಯ ಕೆಳಗೆ ಸಾವ್ಕಾರ ಕೂತಿದ್ದ, ಜೀವಂತ! ಮೊದಲಿಗಿಂತ ದೊಡ್ಡವನು, ಬಣ್ಣ ಮಾಸಿ ಮೆತ್ತಗೆ, ಈಗ ತಾನೇ ಎರೆದು ಮಲಗಿಸಿದ ಕೂಸಿನಂತೆ. ಇವನು ಇಲ್ಲಿ ಕೂತಿದ್ದರೆ ನನ್ನ ಡಬ್ಬಿಯಲ್ಲಿ ಮಲಗಿದವನು ಯಾರು?

ಅಷ್ಟರಲ್ಲಿ ಹುಡುಗಿಯ ಮುಖ ಬಾಡಿತು. ಉಸುಕೆಲ್ಲ ಮತ್ತೆ ಮತ್ತೆ ಕೆದಕಿದಳು. "ಅಂಗಿ ಇಲ್ಲರೀ ಅಕ್ಕೋರ. ತಿಂದ ಬಿಟ್ಟಾನ. ಏಡಿ ತನ್ನ ಹಳೇ ಚಿಪ್ಪ ತಾನ ತಿಂತೈತಿ, ಅದರಾಗಿನ ಸುಣ್ಣ ಹೊಸದಕ್ಕ ಬೇಕಾಗ್ತೈತಿ. ಅದಕ್ಕ ಹಳ್ಳದಾಗ ಒಂದೂ ಸಿಕ್ಕಿರಲಿಲ್ಲ." ಅವಳ ಕಣ್ಣಲ್ಲಿ ನೀರು ನಿಂತಿತು. ಮೇಡಂ ಮುಂದಿನ ಮೇಜಿನ ಕಡೆ ಹೆಜ್ಜೆ ಎತ್ತಿದರು.

ಆಗ ನನಗೆ ತಿಳಿಯಿತು. ದೀಪ ಹಚ್ಚಿದಂತೆ ತಿಳಿಯಿತು!

"ನಿಂದರ್ರಿ ಬಾಯಾರ!" ಎಂದು ಕೂಗಿದೆ. ಮೇಡಮ್ಮನವರನ್ನು ಹಾಗೆ ಕೂಗಬಹುದೋ ಇಲ್ಲವೋ ನೆನಪೇ ಆಗಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ, ಮೇಲಿನ ಎರಡು ಎಲಿ ಸರಿಸಿದೆ. ಹಸಿರು ಎಲಿಯ ಹಾಸಿಗೆಯ ಮೇಲೆ ಸಾವ್ಕಾರನ ಅಂಗಿ, ಕಣ್ಣು, ಕಾಲು, ದಪ್ಪ ಕೈ, ಸಣ್ಣ ಕೈ, ಒಂದು ಚೂರೂ ಮುರಿಯದೆ!

"ಇದೇನಮ್ಮ, ಎಲೆ ಡಬ್ಬಿಯಲ್ಲಿ?" ಅಂದರು ಮೇಡಂ.

"ಸತ್ತಾನಂತ ತಿಳಕೊಂಡಿದ್ದೆರಿ. ಹುಡುಗಿ ಅಳಬಾರದಂತ ಮುಚ್ಚಿಟ್ಟಿದ್ದೆ. ಕಾಲಿವ್ಯಾಗ ಬಿಡಾಕಿದ್ದೆ, ಕಿಡಕಿ ಸಿಗಲಿಲ್ಲರಿ."

ಆ ಬಿರುಸು ಮೇಡಂ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಹನಾಜ್ ಅಕ್ಕೋರು ನನ್ನ ಎರಡೂ ಕೈ ಹಿಡಿದುಕೊಂಡು, "ಗಡಿಗ್ಯಾಗ ಬಿಟ್ಟಿದ್ರ ಇಷ್ಟೊತ್ತಿಗೆ ಅರ್ಧಾ ತಿಂದಿರತಿದ್ದ ಆಯಿ! ನೀವ ಉಳಿಸೀರಿ" ಅಂದರು. ಕಾವೇರಿ ನನ್ನ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ನೆಟ್ಟಗೆ ನಿಂತು ಮಾತು ಸುರು ಮಾಡಿದಳು. ಅಬ್ಬಾ, ಏನು ಮಾತು!

ಅಂಗಿಯ ಬೆನ್ನ ಹಿಂದಿನ ಬಿರುಕು ತೋರಿಸಿದಳು, ಸಾವ್ಕಾರ ಹಿಂದೆ ಹಿಂದೆ ಸರಿದು ಹೊರಬಿದ್ದ ಬಾಗಿಲು ಅದು. ಅಂಗಿಯನ್ನು ಸಾವ್ಕಾರನ ಪಕ್ಕಕ್ಕೆ ಹಿಡಿದಳು. ಅಣ್ಣ ತಮ್ಮನ ಹಾಗೆ ಕಂಡರು, ಅಂಗಿಯೇ ತಮ್ಮ. ಸಿಂಪಿಯ ಮೇಲಿನ ಗೆರೆಗಳನ್ನು ತೋರಿಸಿ, ಅದೂ ಬಸವನಹುಳದಂತೆ ಅಂಚಿಗೆ ಅಂಚು ಕೂಡಿಸಿಯೇ ಬೆಳೆದದ್ದು ಎಂದಳು. ನಿಂಬೆಹಣ್ಣು ಹಿಂಡಿದಳು. ಒಂದು ಚಿಪ್ಪಿನ ಚೂರಿನ ಮೇಲೆ ರಸ ಬಿದ್ದದ್ದೇ ನೊರೆ ನೊರೆಯಾಗಿ ಗುಳ್ಳೆ ಎದ್ದವು. "ಸುಣ್ಣದ ಅಂಶ ಐತಿ ಅನ್ನೂದಕ್ಕ ಇದ ಗುರುತು ರೀ. ನಮ್ಮ ಇಂಡಿ ನಿಂಬಿ!"

"ಏಡಿ ತನ್ನ ಚಿಪ್ಪು ತಿನ್ನುತ್ತದೆ ಸರಿ. ಸಿಂಪಿ ಸತ್ತ ಮೇಲೆ ಅದರ ಚಿಪ್ಪು ಏನಾಗುತ್ತದೆ?" ಎಂದು ಮೇಡಂ ಕೇಳಿದರು.

"ಮಣ್ಣಾಗ ಬಿದ್ದಿದ್ದು ಸವದು ಸವದು ಮಣ್ಣಿಗೇ ಸುಣ್ಣಾ ಕೊಡ್ತೈತ್ರಿ. ಭಟ್ಟಿಯಾಗ ಸುಟ್ಟರ ಗ್ವಾಡಿಗೆ ಹಚ್ಚೂ ಸುಣ್ಣಾ ಆಗ್ತೈತಿ. ಆದರ ಈ ಸಿಂಪಿ ಬ್ಯಾರೇನ ಆತ್ರಿ." ಕಾವೇರಿ ನನ್ನ ಕಡೆ ನೋಡಿದಳು. "ನಾ ಕೂಸಿದ್ದಾಗ ನಮ್ಮ ಆಯಿ ಇದರಾಗ ನನಗ ಹಾಲು ಕುಡಿಸ್ಯಾಳ್ರಿ."

ಹೌದು, ಅದೇ ಸಿಂಪಿ. ಗೋಡೆಯ ಮಾಡದಲ್ಲಿಟ್ಟಿದ್ದೆ, ಯಾವಾಗ ತೆಗೆದುಕೊಂಡು ಬಂದಿದ್ದಳೋ! ಮೇಡಂ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ತಿರುಗಿಸಿ ನೋಡಿದರು. ಮುಂದಿನ ಮೇಜಿಗೆ ಹೋಗುವುದೇ ಮರೆತರು.

ಸಂಜೆ ಮೈಕಿನಲ್ಲಿ ಕೂಗಿದರು: ಮೊದಲನೇ ನಂಬರು, ಕಾವೇರಿ, ತಾಂಬಾ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ, ಕೂತುಕೊಳ್ಳಿರಿ ಎಂದು ಹಿಂದಿನವರು ಸೀರೆ ಜಗ್ಗಿದರು, ಕೂಡಲಿಲ್ಲ! ರಾಜ್ಯದ ಪ್ರದರ್ಶನಕ್ಕೂ ಆರಿಸಿದರು. ಮೇಡಂ ಕೆಳಗಿಳಿದು ಬಂದು, "ಆ ಅಂಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡು, ಅಲ್ಲಿಯೂ ಬೇಕಾಗುತ್ತದೆ" ಅಂದರು.

ಕಾವೇರಿ ಗಡಿಗೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. "ಇಲ್ಲರೀ ಮೇಡಂ. ಇದು ಅವನ ಬುತ್ತಿ. ಬುತ್ತಿ ಕಸಗೊಂಡು ನಾ ಹೆಂಗ ಗೆಲ್ಲಲಿ? ಫೋಟೋ ತಗೊಂಡೇವಿ, ಸಾಕು."

ಮೇಡಂ ಅವಳ ತಲೆ ಸವರಿದರು. "ಫೋಟೋನೂ ಸಾಕು, ನಿನ್ನ ಮಾತೂ ಸಾಕು" ಅಂದರು. ಅಲ್ಲಿಯೇ, ಎಲ್ಲರ ಮುಂದೆ, ಹುಡುಗಿ ಅಂಗಿಯನ್ನು ಎಲಿಯ ಮೇಲಿಂದ ಎತ್ತಿ ಗಡಿಗೆಯಲ್ಲಿ ಇಳಿಸಿದಳು. ನನ್ನ ಎದೆ ಆಗ ಎಷ್ಟು ಹಿಗ್ಗಿತು ಅಂದರೆ, ಏಡಿಯ ಹಾಗೆ ಬೆನ್ನ ಹಿಂದೆ ಕುಪ್ಪಸ ಬಿರಿಯಬೇಕಾಗಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಒಂದು ಕಟ್ಟು ಹೊಸ ಎಲಿ ಕೊಂಡೆ. ಒಂದು ಬಾಯಿಗೆ ಹಾಕಿಕೊಂಡೆ, ನಾಲ್ಕು ಎತ್ತಿಟ್ಟು ಉಳಿದದ್ದು ಬಸ್ಸಿಗೆಲ್ಲ ಹಂಚಿದೆ. ಗೊಳಸಂಗಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ತಲೆ ಹೊರಹಾಕಿ ಆ ಮುದುಕಿಯನ್ನು ಹುಡುಕಿದೆ. ಕಾಣಲಿಲ್ಲ. ಕಟ್ಟೆಯ ಮೇಲೆ ಕೂತ ಇನ್ನೊಬ್ಬಳ ಕೈಗೆ ನಾಲ್ಕು ಎಲಿ ಕೊಟ್ಟೆ: "ಮುಂಜಾನಿ ಬಸ್ಸಿಗೆ ಹೋದ ಮುದಿಕಿ ನಿಮ್ಮೂರಾಕಿ, ಆಕೀಗೆ ಕೊಡವಾ. ಡಬ್ಬ್ಯಾಗ ಖರೇವಂದ್ರೂ ಬಂಗಾರ ಇತ್ತಂತ ಹೇಳು!" ಅವಳು ಪಿಳಿಪಿಳಿ ನೋಡುತ್ತಿರುವಾಗಲೇ ಬಸ್ಸು ಬಿಟ್ಟಿತು.

ಇಂಗಳೇಶ್ವರದಲ್ಲಿ ಗಂಗವ್ವ ಹೋಳಿಗೆ ಮಾಡಿ ಹಾಕಿದಳು, "ಸತ್ತು ಹುಟ್ಟಿದ ಸಾವ್ಕಾರಗ" ಎಂದು ಒಂದು ತುಣುಕು ಗಡಿಗೆಯ ಮುಂದೂ ಇಟ್ಟಳು. ಮರುದಿನ ಸಿಂದಗಿಯಿಂದ ತಾಂಬಾದ ಬಸ್ಸಿನಲ್ಲಿ ಅದೇ ಕಂಡಕ್ಟರ್. ನಾನೇ ರೊಕ್ಕ ತೆಗೆದು, "ತಮ್ಮಾ, ಸಾವ್ಕಾರಂದು ಒಂದು ಟಿಕೇಟ ಕೊಡು, ಗೆದ್ದು ಬಂದಾನ" ಅಂದೆ. "ಗೆದ್ದವರಿಗೆ ನಮ್ಮ ಗಾಡ್ಯಾಗ ಟಿಕೇಟಿಲ್ಲ ಆಯಿ" ಎಂದು ಅವನು ಗಡಿಗೆಗೆ ಸಲಾಮು ಹೊಡೆದ.

ಮನೆಗೆ ಬಂದ ಮೇಲೆ ದಿನಾ ಗಡಿಗೆಯಲ್ಲಿ ಇಣುಕುವುದೇ ನನ್ನ ಕೆಲಸವಾಯಿತು. ಅಂಗಿ ದಿನದಿನಕ್ಕೆ ಕರಗಿತು. ಮೊದಲು ಕಾಲು, ಆಮೇಲೆ ಬೆನ್ನು. ಸಾವ್ಕಾರ ದಿನದಿನಕ್ಕೆ ಗಟ್ಟಿಯಾದ. ಅವನ ಬೆನ್ನು ಕಡ್ಡಿಗೆ ಟಕಟಕ ಅನ್ನತೊಡಗಿದ ದಿನ, ನಾನೂ ಕಾವೇರಿಯೂ ಅವನನ್ನು ಹಿಡಿದು ತಂದಿದ್ದ ಹಳ್ಳಕ್ಕೇ ಒಯ್ದು ಗಡಿಗೆ ಓರೆ ಮಾಡಿದೆವು. ಅವನು ಇಳಿದು, ನಮ್ಮ ಕಡೆ ತಿರುಗಿಯೂ ನೋಡದೆ, ಅಡ್ಡಡ್ಡ ನಡೆದು ನೀರೊಳಗಿನ ಕಲ್ಲಿನ ಸಂದಿಗೆ ಸೇರಿದ.

ಗಡಿಗೆಯ ತಳದಲ್ಲಿ ಅಂಗಿಯ ದಪ್ಪ ಕೈ ಒಂದು ಉಳಿದಿತ್ತು.

"ಏ ಸಾವ್ಕಾರಾ, ಬುತ್ತಿ ಬಿಟ್ಟು ಹೊಂಟೀಯಲ್ಲೋ!" ಎಂದು ಕೂಗಿ ಅದನ್ನು ಕಲ್ಲಿನ ಮುಂದೆ ಇಳಿಬಿಟ್ಟೆ. ನಾವಿಬ್ಬರೂ ದಂಡೆಯ ಮೇಲೆ ಕೂತೆವು. ಸಂದಿಯಿಂದ ಹೊಸ ಕೈ ಮೆಲ್ಲಗೆ ಹೊರಗೆ ಬಂತು, ಹಳೆ ಕೈಯನ್ನು ಹಿಡಿಯಿತು, ಒಳಗೆ ಎಳೆದುಕೊಂಡಿತು.